ಹಿರಾಡೊದಿಂದ ಹಾಲೆಂಡಿಗೆ: ಕಾರ್ನೇಲಿಯಾಳ ಮನೆತನ, ಮದುವೆ, ಮೊಕದ್ದಮೆ



ಮಹಿಳಾ ಚರಿತ್ರೆಯ ಬಗ್ಗೆ ಮಾತನಾಡಬೇಕೆಂದು ಈ ದತ್ತಿ ಉಪನ್ಯಾಸದ ಸಮಿತಿಯವರು ಕೇಳಿಕೊಂಡಾಗ ನಾನು ಆರಿಸಿಕೊಂಡದ್ದು ನಮ್ಮ ನೆಲದ ಹೆಣ್ಣಿನ ಕಥೆಯನ್ನಲ್ಲ. ಕಾರ್ನೇಲಿಯಾ ಫಾನ್ ನೈಯೆನ್‌ರೋಡೆ 1629ರಲ್ಲಿ ಜಪಾನಿನ ಹಿರಾಡೊ ಬಂದರಿನಲ್ಲಿ ಹುಟ್ಟಿದಳು. ಬೆಳೆದದ್ದು, ಬಾಳಿದ್ದು ಜಾವಾ ದ್ವೀಪದ ಬಟೇವಿಯಾದಲ್ಲಿ, ಅಂದರೆ ಇವತ್ತಿನ ಜಕಾರ್ತದಲ್ಲಿ. ಹಾಲೆಂಡನ್ನು ಆಕೆ ಮೊದಲು ಕಂಡದ್ದು ಅರವತ್ತರ ಹತ್ತಿರ ಬಂದಾಗ, ಅದೂ ಗಂಡನ ವಿರುದ್ಧದ ಮೊಕದ್ದಮೆಗಾಗಿ. ಆದರೂ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಾಗದಪತ್ರಗಳ ಲೆಕ್ಕದಲ್ಲಿ ಆಕೆ ಡಚ್ಚರ ಪೈಕಿ.

ವಸಾಹತು ಕಾಲದ ಒಬ್ಬ ಹೆಣ್ಣಿನ ಹುಟ್ಟು, ಮನೆತನ, ಮದುವೆಗಳನ್ನು ಹುಡುಕಲು ಹೊರಟರೆ ದಾಖಲೆ ಎಲ್ಲಿ ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಈಕೆಯ ಬದುಕಿನಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ. ಈ ಹುಡುಕಾಟದ ದೊಡ್ಡ ಕೆಲಸ ಮಾಡಿದವರು ಡಚ್ ಇತಿಹಾಸಕಾರ ಲೆನಾರ್ಡ್ ಬ್ಲೂಸೆ. 1986ರ ಪುಸ್ತಕದಲ್ಲಿ ಅವರು ಈಕೆಗೆ ಒಂದು ಅಧ್ಯಾಯ ಮೀಸಲಿಟ್ಟರು. 1997ರಲ್ಲಿ ಡಚ್ ಭಾಷೆಯಲ್ಲಿ ಇಡೀ ಪುಸ್ತಕವನ್ನೇ ಬರೆದರು. 2002ರಲ್ಲಿ ಅದು ಇಂಗ್ಲಿಷಿಗೆ ಬಂತು. ಅವರು ತೆರೆದ ದಾರಿಯಲ್ಲೇ ನಾನು ನಡೆಯುತ್ತೇನೆ. ಆದರೆ ನನ್ನ ಪ್ರಶ್ನೆ ಸ್ವಲ್ಪ ಬೇರೆ. ಈಕೆಯೊಬ್ಬಳು ಇಷ್ಟು ವಿವರವಾಗಿ ಉಳಿದದ್ದು ಹೇಗೆ? ಈಕೆಯನ್ನು ಹೆತ್ತವಳು, ಈಕೆಯ ಮನೆಯಲ್ಲಿ ದುಡಿದವರು ಏಕೆ ಹಾಗೆ ಉಳಿಯಲಿಲ್ಲ?

ತಂದೆಯಿಂದ ಶುರು ಮಾಡೋಣ, ಏಕೆಂದರೆ ದಾಖಲೆಗಳು ಶುರುವಾಗುವುದು ಅಲ್ಲಿಂದಲೇ. ಕಾರ್ನೆಲಿಸ್ ಫಾನ್ ನೈಯೆನ್‌ರೋಡೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಿರಾಡೊ ವಖಾರಿಗೆ 1623ರಿಂದ ಮುಖ್ಯಸ್ಥ. ಕಂಪನಿ ಅಲ್ಲಿ ವಖಾರಿ ತೆರೆದದ್ದು 1609ರಲ್ಲಿ. ಯುರೋಪಿನ ಹೆಂಗಸರಿಲ್ಲದ ಆ ಊರಿನಲ್ಲಿ ಡಚ್ ವರ್ತಕರು ಜಪಾನಿ ಹೆಂಗಸರೊಂದಿಗೆ ಸಂಸಾರ ಹೂಡುತ್ತಿದ್ದರು. ಇವನಿಗೆ ಇಬ್ಬರು ಹೆಂಗಸರಿಂದ ಇಬ್ಬರು ಹೆಣ್ಣುಮಕ್ಕಳು. ತೋಕೇಶಿಯೊ ಎಂಬಾಕೆಯ ಮಗಳು ಹೆಸ್ಟರ್, ಸುರಿಶಿಯಾ ಎಂಬಾಕೆಯ ಮಗಳು ಕಾರ್ನೇಲಿಯಾ. ಈ ಇಬ್ಬರು ತಾಯಂದಿರ ಹೆಸರು ನಮಗೆ ತಿಳಿದಿರುವುದು ಅವನು ತನ್ನ ಉಯಿಲಿನಲ್ಲಿ ಅವರನ್ನು ನೆನೆದ ಕಾರಣಕ್ಕೆ. ಉಯಿಲು ಬರೆಯದೆ ಸತ್ತ ಎಷ್ಟೋ ಕಂಪನಿ ನೌಕರರ ಮಕ್ಕಳ ತಾಯಂದಿರು ಹೆಸರಿಲ್ಲದೆ ಹೋಗಿದ್ದಾರೆ.

1633ರ ಆರಂಭದಲ್ಲಿ ಅವನು ಹಿರಾಡೊದಲ್ಲೇ ತೀರಿಕೊಂಡ. ಮಕ್ಕಳನ್ನು ಬಟೇವಿಯಾಕ್ಕೆ ಕಳುಹಿಸಿ ಕ್ರೈಸ್ತರಾಗಿ ಬೆಳೆಸಬೇಕೆಂಬುದು ಅವನ ಇಚ್ಛೆಯಾಗಿತ್ತು. 1637ರಲ್ಲಿ ಇಬ್ಬರೂ ಹಡಗು ಹತ್ತಿದರು. ಕಾರ್ನೇಲಿಯಾಗೆ ಆಗ ಎಂಟು ವರ್ಷ. ತಾಯಂದಿರು ಹಿಂದೆ ಉಳಿದರು. ಎರಡು ವರ್ಷ ಕಳೆದು, 1639ರಲ್ಲಿ, ಜಪಾನಿನ ಆಡಳಿತವೇ ಡಚ್ ಮತ್ತು ಇಂಗ್ಲಿಷ್ ತಂದೆಯರ ಮಕ್ಕಳನ್ನು ದೇಶದಿಂದ ಹೊರಹಾಕಿ ಬಟೇವಿಯಾಕ್ಕೆ ಸಾಗಿಸಿತು. ಪೋರ್ಚುಗೀಸರ ಮಕ್ಕಳನ್ನು ಅದಕ್ಕೂ ಮೊದಲೇ ಮಕಾವ್‌ಗೆ ಅಟ್ಟಿತ್ತು. ತಂದೆಯ ಇಚ್ಛೆಯಂತೆ ಹೋಗದಿದ್ದರೂ ಕಾರ್ನೇಲಿಯಾ ಹೋಗಲೇಬೇಕಿತ್ತು.

ಬಟೇವಿಯಾದಲ್ಲಿ ಅವಳು ಬೆಳೆದದ್ದು ಅನಾಥಾಲಯದಲ್ಲಿ. ಅವಳ ಬದುಕಿನ ಈ ಭಾಗದ ಮೇಲೆ ದಾಖಲೆ ಬೆಳಕು ಚೆಲ್ಲುವುದು ಕಡಿಮೆ. ಮದುವೆ ಬಂದೊಡನೆ ಕಾಗದಗಳು ಮತ್ತೆ ಮಾತನಾಡತೊಡಗುತ್ತವೆ. ಅಕ್ಕ ಹೆಸ್ಟರ್ 1644ರಲ್ಲಿ ಕಂಪನಿಯ ಸೇವೆಯಲ್ಲಿದ್ದ ಒಬ್ಬ ಇಂಗ್ಲಿಷ್ ಸೈನಿಕನನ್ನು ಮದುವೆಯಾದಳು. ಕಾರ್ನೇಲಿಯಾ 1652ರಲ್ಲಿ ಡೆಲ್ಫ್ಟ್ ಊರಿನಿಂದ ಬಂದಿದ್ದ ಪೀಟರ್ ಕ್ನೋಲ್ ಎಂಬ ಕಿರಿಯ ವರ್ತಕನ ಕೈಹಿಡಿದಳು.

ಇಲ್ಲಿ ಬಟೇವಿಯಾದ ಮದುವೆಗಳ ಬಗ್ಗೆ ಒಂದು ಮಾತು ಹೇಳಬೇಕು. 1619ರಲ್ಲಿ ಊರು ಕಟ್ಟಿದಾಗ ಹಾಲೆಂಡಿನಿಂದ ಹುಡುಗಿಯರನ್ನು ತರಿಸಿ ಡಚ್ ಊರನ್ನೇ ಬೆಳೆಸುವ ಯೋಚನೆ ಕಂಪನಿಗಿತ್ತು. ಖರ್ಚು ಹೆಚ್ಚಾಯಿತು, ಫಲ ಕಡಿಮೆಯಾಯಿತು. 1630ರ ದಶಕದಲ್ಲಿ ಆ ಯೋಚನೆ ಕೈಬಿಟ್ಟು, ಏಷ್ಯಾದ ಕ್ರೈಸ್ತ ಹೆಂಗಸರನ್ನೂ ಮಿಶ್ರ ಸಂತಾನದ ಹುಡುಗಿಯರನ್ನೂ ಮದುವೆಯಾಗಲು ನೌಕರರಿಗೆ ಉತ್ತೇಜನ ಕೊಟ್ಟರು. ಅಂಥವಳನ್ನು ಮದುವೆಯಾದವನು ಸಂಸಾರ ಸಮೇತ ತಾಯ್ನಾಡಿಗೆ ಮರಳಲು ಮಾತ್ರ ಅಡ್ಡಿಗಳಿದ್ದವು. ನೌಕರನನ್ನು ಏಷ್ಯಾದಲ್ಲೇ ಕಟ್ಟಿಹಾಕುವ ಉಪಾಯವಾಗಿ ಹೆಂಡತಿಯನ್ನು ಬಳಸಿಕೊಂಡರು. ಇತಿಹಾಸಕಾರ್ತಿ ಜೀನ್ ಗೆಲ್ಮನ್ ಟೇಲರ್ 1983ರ ತಮ್ಮ ಪುಸ್ತಕದಲ್ಲಿ ಇದರ ಇನ್ನೊಂದು ಮುಖ ತೋರಿಸಿದರು. ಗಂಡುಮಕ್ಕಳು ಓದಿಗೆಂದು ಹಾಲೆಂಡಿಗೆ ಹೋಗುತ್ತಿದ್ದರು. ಹೆಣ್ಣುಮಕ್ಕಳು ಬಟೇವಿಯಾದಲ್ಲೇ ಉಳಿದು, ಹೊಸದಾಗಿ ಹಡಗಿನಿಂದ ಇಳಿದ ಅಧಿಕಾರಿಗಳನ್ನು ಮದುವೆಯಾಗುತ್ತಿದ್ದರು. ಹಾಗಾಗಿ ಅಲ್ಲಿನ ಅಧಿಕಾರಸ್ಥ ಮನೆತನಗಳನ್ನು ಅಪ್ಪ-ಮಗನ ಸಾಲಿನಲ್ಲಿ ಹುಡುಕಿದರೆ ಎಳೆ ತುಂಡಾಗುತ್ತದೆ. ಅತ್ತೆ, ಅಳಿಯ, ನಾದಿನಿ, ಷಡ್ಡಕರ ಸಾಲಿನಲ್ಲಿ ಹುಡುಕಿದರೆ ಇಡೀ ಬಲೆ ಕಣ್ಣಿಗೆ ಬೀಳುತ್ತದೆ. ವಂಶವೃಕ್ಷ ಬರೆಯುವವರೆಲ್ಲ ಇದನ್ನು ನೆನಪಿಡಬೇಕು.

ಕ್ನೋಲ್ ಮೇಲೇರುತ್ತಾ ಹೋಗಿ ಬಟೇವಿಯಾ ಕೋಟೆಯ ಪ್ರಥಮ ಹಿರಿಯ ವರ್ತಕನಾದ. ಕಂಪನಿಯ ಲೆಕ್ಕ, ದಾಸ್ತಾನು ಎಲ್ಲ ಅವನ ಕೈಯಲ್ಲಿ. ಸಂಬಳಕ್ಕಿಂತ ಸ್ವಂತ ವ್ಯಾಪಾರದಿಂದ ದುಡ್ಡು ಮಾಡುವುದು ಅಲ್ಲಿ ಗುಟ್ಟಿನ ಸಂಗತಿಯೇನಾಗಿರಲಿಲ್ಲ. ಮನೆ ತುಂಬಿತು. ಕಾರ್ನೇಲಿಯಾ ಹತ್ತು ಮಕ್ಕಳನ್ನು ಹೆತ್ತಳು. ಹೆಚ್ಚಿನವರು ಅವಳ ಕಣ್ಣೆದುರೇ ತೀರಿಕೊಂಡರು. ಬೆಳೆದು ಸಂಸಾರಸ್ಥನಾದ ಮಗ ಕಾರ್ನೆಲಿಸ್ ಕೂಡ ತಾಯಿಗಿಂತ ಮೊದಲೇ ಹೋದ.

ಆ ವರ್ಷಗಳಿಂದ ಅವಳದೇ ದನಿ ನಮಗೆ ಕೇಳುವುದು ಎರಡು ಪತ್ರಗಳಲ್ಲಿ. 1663 ಮತ್ತು 1671ರಲ್ಲಿ ಹಿರಾಡೊಗೆ ಕಳುಹಿಸಿದ, ಜಪಾನಿ ಭಾಷೆಯ ಪತ್ರಗಳು ಅವು. ಸುರಿಶಿಯಾ ಅಷ್ಟರಲ್ಲಿ ಹಾಂಡಾ ಗೊಯೆಮೊನ್ ಎಂಬ ಜಪಾನಿಯ ಹೆಂಡತಿಯಾಗಿದ್ದಳು. ಹೊರದೇಶದೊಂದಿಗಿನ ಸಂಪರ್ಕವನ್ನು ಜಪಾನ್ ಬಿಗಿಯಾಗಿ ಮುಚ್ಚಿದ್ದ ಕಾಲ. ಪತ್ರ, ಉಡುಗೊರೆಗಳ ಮೇಲಿನ ನಿಷೇಧ ಸಡಿಲವಾದ ಮೇಲೆ ನಾಗಸಾಕಿಯ ಡಚ್ ವಖಾರಿಯ ಮೂಲಕ, ಅಧಿಕಾರಿಗಳ ಕಣ್ಗಾವಲಿನಲ್ಲೇ, ಇವು ಹೋದವು. ಯೋಗಕ್ಷೇಮ, ಮಕ್ಕಳ ಸುದ್ದಿ, ಯಾರಿಗೆ ಯಾವ ಬಟ್ಟೆ ಕಳುಹಿಸಿದ್ದೇನೆ ಎಂಬ ಪಟ್ಟಿ: ಇಷ್ಟೇ ಅವುಗಳಲ್ಲಿರುವುದು. ನನಗೆ ಈ ಪಟ್ಟಿ ಬಹಳ ಮುಖ್ಯವೆನಿಸುತ್ತದೆ. ಬಾಲ್ಯದಲ್ಲೇ ತಾಯಿಯಿಂದ ದೂರವಾದ ಮಗಳು ಮೂವತ್ತು ವರ್ಷ ಕಳೆದ ಮೇಲೂ ತವರಿನವರ ಹೆಸರು ಹಿಡಿದು, ಸಂಬಂಧ ಗುರುತಿಸಿ ಬಟ್ಟೆ ಹಂಚುತ್ತಾಳೆ. ಚರ್ಚಿನ ಯಾವ ದಾಖಲೆಯಲ್ಲೂ ಇಲ್ಲದ ತಾಯಿಯ ಕಡೆಯ ಬಳಗವನ್ನು ನಾವು ಗುರುತಿಸಬಹುದಾದದ್ದು ಈ ಪತ್ರಗಳಿಂದ.

ಜಪಾನಿನಲ್ಲಿ ಇಂಥ ಪತ್ರಗಳನ್ನು 'ಜಗತರ ಪತ್ರ'ಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಎಲ್ಲರ ಬಾಯಲ್ಲಿರುವುದು ಓಹಾರು ಎಂಬ ಹುಡುಗಿಯದೆಂದು ಹೇಳುವ, ತಾಯ್ನಾಡಿಗಾಗಿ ಹಂಬಲಿಸಿ ಅಳುವ ಪತ್ರ. ಅದು ನಮಗೆ ಸಿಗುವುದು ನಾಗಸಾಕಿಯ ವಿದ್ವಾಂಸ ನಿಶಿಕಾವಾ ಜೋಕೆನ್‌ನ ಬರವಣಿಗೆಯಲ್ಲಿ. ಅವನೇ ಅದನ್ನು ಕಟ್ಟಿರಬೇಕು, ಇಲ್ಲವೇ ಬಹಳ ಬೆಳೆಸಿರಬೇಕು ಎಂಬುದು ಸಂಶೋಧಕರ ಅಭಿಪ್ರಾಯ. ಇವಾವೊ ಸೆಯಿಚಿ ಎಂಬ ಇತಿಹಾಸಕಾರರು ಬಟೇವಿಯಾದ ದಾಖಲೆಗಳಲ್ಲಿ ನಿಜವಾದ ಓಹಾರುವನ್ನು ಹುಡುಕಿದರು. ಸಿಕ್ಕವಳು ಕಂಪನಿ ನೌಕರನೊಬ್ಬನನ್ನು ಮದುವೆಯಾಗಿ, ಮಕ್ಕಳನ್ನು ಹೆತ್ತು, ವಿಧವೆಯಾಗಿಯೂ ಅನುಕೂಲವಾಗಿಯೇ ಬಾಳಿ, ಗುಲಾಮರನ್ನೂ ಹೊಂದಿದ್ದ ಗೃಹಿಣಿ. ಕಣ್ಣೀರಿನ ಪತ್ರ ಓದಿದವರಿಗೆ ಈಕೆ ನಿರಾಸೆ ತರಬಹುದು. ನನಗೆ ದಾಖಲೆಯ ಓಹಾರುವೇ ಹೆಚ್ಚು ಬೇಕಾದವಳು, ಏಕೆಂದರೆ ಅವಳು ಇದ್ದವಳು.

ಕ್ನೋಲ್ 1672ರಲ್ಲಿ ತೀರಿಕೊಂಡ. ಉಯಿಲಿನಲ್ಲಿ ಹೆಂಡತಿಯ ಮೇಲೆ ಪೂರ್ತಿ ನಂಬಿಕೆ ಇಟ್ಟಿದ್ದ. ಕಾರ್ನೇಲಿಯಾ ಆಸ್ತಿಯನ್ನು ತಾನೇ ನೋಡಿಕೊಂಡಳು, ವ್ಯವಹಾರ ನಡೆಸಿದಳು. ಡಚ್ ಕಾನೂನಿನಲ್ಲಿ ವಿಧವೆಗೆ ಆ ಅಧಿಕಾರವಿತ್ತು. ವಯಸ್ಸಿಗೆ ಬಾರದ ಹೆಣ್ಣು ತಂದೆಯ ಇಲ್ಲವೇ ಪಾಲಕರ ಅಧೀನ. ಮದುವೆಯಾದವಳು ಗಂಡನ ಅಧೀನ. ವಿಧವೆ ತನ್ನ ಹೆಸರಿನಲ್ಲಿ ಕರಾರು ಮಾಡಬಹುದು, ಸಾಲ ಕೊಡಬಹುದು, ನ್ಯಾಯಾಲಯದ ಮೆಟ್ಟಿಲು ಹತ್ತಬಹುದು.

ಹಾಗಿದ್ದವಳು 1676ರಲ್ಲಿ ಮತ್ತೆ ಮದುವೆಯಾದಳು. ವರ ಯೋಹಾನ್ ಬಿಟ್ಟರ್, ಕಾನೂನು ಪಂಡಿತ. ಬಟೇವಿಯಾದ ನ್ಯಾಯಮಂಡಳಿಯ ಸದಸ್ಯನಾಗಿ 1675ರಲ್ಲಿ ಬಂದವನು. ಜೊತೆಗೆ ಬಂದ ಹೆಂಡತಿ ಬೇಗನೆ ತೀರಿಕೊಂಡಿದ್ದಳು, ಮಕ್ಕಳಿದ್ದರು, ಕೈಯಲ್ಲಿ ದುಡ್ಡಿರಲಿಲ್ಲ. ಅವಳಿಗೆ ಸ್ಥಾನಮಾನ ಬೇಕಿತ್ತೆಂದು, ಅವನಿಗೆ ಹಣ ಬೇಕಿತ್ತೆಂದು ಸುಲಭವಾಗಿ ಹೇಳಿಬಿಡಬಹುದು. ಅವನ ಬಗ್ಗೆ ಆ ಮಾತಿಗೆ ದಾಖಲೆಯ ಬೆಂಬಲವಿದೆ. ಅವಳ ಮನಸ್ಸಿನಲ್ಲಿದ್ದದ್ದಕ್ಕೆ ದಾಖಲೆಯಿಲ್ಲ. ಊಹೆಯನ್ನು ನಾನು ಅಲ್ಲಿಗೇ ನಿಲ್ಲಿಸುತ್ತೇನೆ.

ಮದುವೆಗೆ ಮೊದಲು ಇಬ್ಬರೂ ಕರಾರು ಬರೆಸಿದ್ದರು. ಆಕೆಯ ಆಸ್ತಿ ಆಕೆಯದು, ಗಂಡನ ಆಸ್ತಿಯೊಂದಿಗೆ ಸೇರುವುದಿಲ್ಲ. ಮೇಲ್ನೋಟಕ್ಕೆ ಭದ್ರವಾದ ಕಾಗದ. ಆದರೆ ಹಾಲೆಂಡಿನ ಅಂದಿನ ಕಾನೂನು ಗಂಡನನ್ನು ಹೆಂಡತಿಯ ಪಾಲಕನೆಂದೇ ನೋಡುತ್ತಿತ್ತು. ಆಸ್ತಿಯ ಒಡೆತನ ಒಂದು, ಅದರ ಆಡಳಿತ ಇನ್ನೊಂದು. ಕರಾರು ಒಡೆತನವನ್ನು ಬೇರೆಯಾಗಿಟ್ಟಿತು. ಆಡಳಿತ ಗಂಡನಿಗೆ ಸಲ್ಲಕೂಡದೆಂದು ಅಷ್ಟೇ ಸ್ಪಷ್ಟವಾಗಿ ಬರೆಸಿರಲಿಲ್ಲ. ಅಸಲು ಆಕೆಯದಾದರೂ ಅದರಿಂದ ಹುಟ್ಟುವ ಬಡ್ಡಿ, ಬಾಡಿಗೆ, ಲಾಭ ಯಾರದು ಎಂಬ ಪ್ರಶ್ನೆ ತೆರೆದೇ ಉಳಿಯಿತು. ಕಾನೂನು ಓದಿದ ಬಿಟ್ಟರ್‌ಗೆ ಇದು ಗೊತ್ತಿತ್ತು. ಹದಿನೈದು ವರ್ಷಗಳ ಜಗಳ ಈ ಒಂದು ಬಿರುಕಿನಿಂದ ಬೆಳೆಯಿತು.

ಜಗಳ ಬೇಗನೆ ಹೊರಬಿತ್ತು. ಅವನು ಹಣ ಕೇಳಿದ, ಅವಳು ಕೊಡಲೊಲ್ಲೆ ಎಂದಳು, ಅವನು ಹೊಡೆದ. ಅವಳು ಚರ್ಚಿನ ಹಿರಿಯರ ಸಭೆಗೆ ದೂರು ಒಯ್ದಳು. ಸಭೆ ಇಬ್ಬರನ್ನೂ ರಾಜಿ ಮಾಡಿಸಲು ನೋಡಿತು, ಆಗದಿದ್ದಾಗ ಇಬ್ಬರನ್ನೂ ಕರ್ತನ ಭೋಜನದಿಂದ ದೂರವಿಟ್ಟಿತು. ಹೊಡೆದವನಿಗೂ ಹೊಡೆಸಿಕೊಂಡವಳಿಗೂ ಒಂದೇ ಶಿಕ್ಷೆ! ವಿಚ್ಛೇದನಕ್ಕೆ ಅಂದಿನ ಡಚ್ ಕಾನೂನು ಒಪ್ಪುತ್ತಿದ್ದ ಕಾರಣಗಳು ಎರಡೇ: ವ್ಯಭಿಚಾರ ಮತ್ತು ಬೇಕೆಂದೇ ಬಿಟ್ಟುಹೋಗುವುದು. ಹೊಡೆತ ಆ ಪಟ್ಟಿಯಲ್ಲಿರಲಿಲ್ಲ. ಹೆಚ್ಚೆಂದರೆ ಬೇರೆ ಬೇರೆ ಬಾಳಲು ಅನುಮತಿ ಸಿಗಬಹುದಿತ್ತು, ಅಷ್ಟೇ. ನ್ಯಾಯ ಕೇಳಲು ಹೋಗಬೇಕಾದ ನ್ಯಾಯಮಂಡಳಿಯಲ್ಲಿ ಗಂಡನೇ ಒಬ್ಬ ನ್ಯಾಯಾಧೀಶ ಎಂಬುದನ್ನೂ ಇದರೊಂದಿಗೆ ಸೇರಿಸಿ ನೋಡಿ.

ಆದರೂ ಬಟೇವಿಯಾದ ಮೇಲಧಿಕಾರಿಗಳಲ್ಲಿ ಹಲವರು ಅವಳ ಪರ ಇದ್ದರು. ಅವಳು ಹಳಬಳು, ಅವನು ನಿನ್ನೆ ಬಂದವನು. ಬಿಟ್ಟರ್ ಹೆಂಡತಿಯ ಹಣವನ್ನು ಕಂಪನಿಯ ನಿಯಮ ಮೀರಿ ವಜ್ರದ ರೂಪದಲ್ಲಿ ಹಾಲೆಂಡಿಗೆ ಸಾಗಿಸಲು ಹೊರಟ ಸಂಗತಿ ಬಯಲಾದಾಗ ಅವರಿಗೆ ನೆಪ ಸಿಕ್ಕಿತು. 1680ರ ಹೊತ್ತಿಗೆ ಅವನನ್ನು ಊರಿಗೆ ಮರಳಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನು ಹಾಲೆಂಡಿನಲ್ಲಿ ಸುಮ್ಮನಿರಲಿಲ್ಲ. ಕಂಪನಿಯ ನಿರ್ದೇಶಕರನ್ನು ಒಲಿಸಿಕೊಂಡು, ಮತ್ತೆ ನ್ಯಾಯಮಂಡಳಿಯ ನೇಮಕ ಪಡೆದು 1683ರಲ್ಲಿ ಬಟೇವಿಯಾಕ್ಕೆ ಬಂದಿಳಿದ. ಮುಂದಿನ ವರ್ಷಗಳ ಕಡತಗಳಲ್ಲಿ ಅರ್ಜಿ, ಪ್ರತಿ ಅರ್ಜಿ, ಜಪ್ತಿ, ಲೆಕ್ಕ ಒಪ್ಪಿಸುವ ಆದೇಶ, ಆಸ್ತಿ ಬಚ್ಚಿಟ್ಟಿದ್ದಾಳೆಂಬ ಆರೋಪ ಒಂದರ ಮೇಲೊಂದು ಬೀಳುತ್ತವೆ. 1687ರ ಕೊನೆಗೆ ಇಬ್ಬರೂ ಹಾಲೆಂಡಿಗೆ ಹೊರಟರು. ಕೊನೆಯ ತೀರ್ಪು ಅಲ್ಲಿನ ಉಚ್ಚ ನ್ಯಾಯಾಲಯದಲ್ಲಿ ಆಗಬೇಕಿತ್ತು. 1691ರಲ್ಲಿ ತೀರ್ಪು ಬಂತು. ಹೆಂಡತಿ ಗಂಡನೊಂದಿಗೆ ಬಾಳಬೇಕು, ಆಕೆಯ ಆಸ್ತಿಯ ಉತ್ಪನ್ನದಲ್ಲಿ ಅರ್ಧ ಗಂಡನಿಗೆ ಸಲ್ಲಬೇಕು. ಆ ಸುಮಾರಿಗೇ ಅವಳ ಜಾಡು ದಾಖಲೆಗಳಿಂದ ಮಾಯವಾಗುತ್ತದೆ. 1692ರ ಹೊತ್ತಿಗೆ ಅವಳು ಬದುಕಿರಲಿಲ್ಲವೆಂದೇ ಇತಿಹಾಸಕಾರರು ತಿಳಿಯುತ್ತಾರೆ. ಬಿಟ್ಟರ್ ವೇಕ್ ಬೈ ಡೂರ್‌ಸ್ಟೇಡೆ ಎಂಬ ಪುಟ್ಟ ಪಟ್ಟಣದಲ್ಲಿ 1714ರವರೆಗೆ ಬದುಕಿದ.

ಬ್ಲೂಸೆ ತಮ್ಮ 1986ರ ಅಧ್ಯಾಯದ ಶೀರ್ಷಿಕೆಯಲ್ಲೇ ಒಂದು ಪ್ರಶ್ನೆ ಇಟ್ಟಿದ್ದರು: ಈಕೆ ಚಿಟ್ಟೆಯೋ, ಗಂಡನ್ನೇ ತಿನ್ನುವ ಸೂರ್ಯನ ಕುದುರೆ ಹುಳುವೋ? ಕಡತ ಓದುತ್ತಾ ಹೋದಂತೆ ಎರಡೂ ಹೆಸರು ನನಗೆ ಒಪ್ಪಿಗೆಯಾಗುವುದಿಲ್ಲ. ಅವಳನ್ನು ಹಠಮಾರಿ, ಗಯ್ಯಾಳಿ ಎಂದು ಚಿತ್ರಿಸುವುದು ಗಂಡನ ಅರ್ಜಿಗಳು. ನ್ಯಾಯಾಲಯದ ಕಡತವನ್ನು ಓದುವಾಗ ಯಾವ ಮಾತು ಯಾರ ವಕೀಲರದು ಎಂದು ಪ್ರತಿ ಸಾಲಿನಲ್ಲೂ ಕೇಳಿಕೊಳ್ಳಬೇಕಾಗುತ್ತದೆ. ಹಾಗೆ ಕೇಳುತ್ತಾ ಹೋದರೆ ಉಳಿಯುವುದು ತನ್ನ ಮಕ್ಕಳು, ಮೊಮ್ಮಕ್ಕಳಿಗೆಂದು ಇಟ್ಟುಕೊಂಡ ಆಸ್ತಿಯನ್ನು ಕೈಬಿಡಲು ಒಪ್ಪದ ತಾಯಿ, ಅಜ್ಜಿ.

ಇಷ್ಟು ಹೇಳಿ ಅವಳನ್ನು ಕೇವಲ ನೊಂದ ಹೆಣ್ಣಾಗಿ ನಿಮ್ಮ ಮುಂದೆ ನಿಲ್ಲಿಸಿದರೆ ಅದು ಅರ್ಧ ಸತ್ಯವಾಗುತ್ತದೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಯಾಕೋಬ್ ಕೂಮನ್ 1665ರಲ್ಲಿ ಬಟೇವಿಯಾದಲ್ಲಿ ಬರೆದ ಈ ಕುಟುಂಬದ ಚಿತ್ರವಿದೆ. ಕ್ನೋಲ್, ಕಾರ್ನೇಲಿಯಾ, ಇಬ್ಬರು ಹೆಣ್ಣುಮಕ್ಕಳು ಡಚ್ ಉಡುಪಿನಲ್ಲಿ, ಮುತ್ತು ತೊಟ್ಟು ನಿಂತಿದ್ದಾರೆ. ಜಪಾನಿನ ತಾಯಿಯ ಮಗಳು ಎಂಬುದಕ್ಕೆ ಬಟ್ಟೆಯಲ್ಲಿ ಒಂದು ಕುರುಹೂ ಇಲ್ಲ. ಮುಖದಲ್ಲಿ ಮಾತ್ರ ಇದೆ. ಹಿಂದೆ, ನೆರಳಿನಲ್ಲಿ, ಇಬ್ಬರು ಗುಲಾಮರು: ಒಬ್ಬ ಗಂಡಸು, ಒಬ್ಬ ಹೆಂಗಸು, ಅವರ ಬಳಿ ಹಣ್ಣಿನ ಬುಟ್ಟಿ. ಆ ಗಂಡಸು, ಮುಂದೆ ಕಂಪನಿಯ ವಿರುದ್ಧ ಬಂಡೆದ್ದ ಉಂಟುಂಗ್ ಸುರಾಪತಿಯೇ ಇರಬಹುದೆಂದು ಊಹಿಸುವವರಿದ್ದಾರೆ. ಬಾಲಿ ದ್ವೀಪದ ಮೂಲದ ಸುರಾಪತಿ ಬಟೇವಿಯಾದ ಡಚ್ ಮನೆಯೊಂದರಲ್ಲಿ ಗುಲಾಮನಾಗಿದ್ದನೆಂದು ಜಾವಾದ ಕಥನಗಳು ಹೇಳುತ್ತವೆ. 1686ರಲ್ಲಿ ಜಾವಾದ ಕರ್ತಸುರದಲ್ಲಿ ಕಂಪನಿಯ ಕ್ಯಾಪ್ಟನ್ ಟಾಕ್ ಅವನ ಬಳಗದವರೊಂದಿಗಿನ ಕಾಳಗದಲ್ಲಿ ಸತ್ತ; ಇಂಡೋನೇಷ್ಯಾ 1975ರಲ್ಲಿ ಸುರಾಪತಿಯನ್ನು ರಾಷ್ಟ್ರವೀರನೆಂದು ಘೋಷಿಸಿತು. 2021ರಲ್ಲಿ ರೈಕ್ಸ್ ಮ್ಯೂಸಿಯಂ ಗುಲಾಮಗಿರಿಯ ಬಗ್ಗೆ ನಡೆಸಿದ ಪ್ರದರ್ಶನವನ್ನು ಹತ್ತು ಜನರ ಬದುಕಿನ ಸುತ್ತ ಕಟ್ಟಿದಾಗ ಅವರಲ್ಲಿ ಅವನೂ ಒಬ್ಬ.

ಚಿತ್ರದಲ್ಲಿ ಆ ಗುಲಾಮನ ಪಕ್ಕದ ಹೆಂಗಸಿನ ಬಗ್ಗೆ ಅಂಥ ಊಹೆಯನ್ನೂ ಯಾರಾದರೂ ಕಟ್ಟಿದ್ದು ನನಗೆ ಗೊತ್ತಿಲ್ಲ. ಗಂಡನ ದಬ್ಬಾಳಿಕೆಯ ವಿರುದ್ಧ ಹೋರಾಡಿದ ಕಾರ್ನೇಲಿಯಾ ಇನ್ನೊಬ್ಬ ಹೆಣ್ಣಿನ ಒಡತಿಯೂ ಆಗಿದ್ದಳು. ಆ ಇನ್ನೊಬ್ಬಳಿಗೆ ಮದುವೆ ಕರಾರು, ಅರ್ಜಿ, ವಕೀಲ ಯಾವುದೂ ಇರಲಿಲ್ಲ. ಅಂಥವರು ದಾಖಲೆಯಲ್ಲಿ ಕಾಣುವುದು ಬೇರೆಯವರ ಉಯಿಲಿನಲ್ಲಿ ಆಸ್ತಿಯಾಗಿ, ಇಲ್ಲವೇ ಮಾರಾಟ ಪತ್ರದಲ್ಲಿ ಸರಕಾಗಿ, ಅದೃಷ್ಟವಿದ್ದರೆ ಬಿಡುಗಡೆ ಪತ್ರದಲ್ಲಿ. ಒಡೆಯರು ಇಟ್ಟ ಕ್ರೈಸ್ತ ಹೆಸರು, ಅದರ ಹಿಂದೆ ಬಂಗಾಳ, ಮಲಬಾರ್, ಕೋರಮಂಡಲ, ಬಾಲಿ ಎಂದು ಹಡಗು ಹತ್ತಿದ ಸೀಮೆಯ ಹೆಸರು: ಇಷ್ಟರಲ್ಲೇ ಅಪ್ಪ, ಅಮ್ಮ, ಊರು, ಕುಲ ಎಲ್ಲ ಅಳಿಸಿಹೋಗುತ್ತವೆ. ಬಟೇವಿಯಾದ ಮನೆಗಳಲ್ಲಿ ಮಕ್ಕಳನ್ನು ಎತ್ತಿ ಆಡಿಸಿದವರು ಇವರೇ. ಡಚ್ ಮಕ್ಕಳು ಡಚ್ಚಿಗಿಂತ ಮೊದಲು ಪೋರ್ಚುಗೀಸ್ ಕಲಿಯುತ್ತಿದ್ದದ್ದು ಇವರ ಬಾಯಿಂದ. ಬಿಡುಗಡೆಯಾದವರ ಸಮುದಾಯವನ್ನು ಅಲ್ಲಿ ಮಾರ್ದೈಕರ್ ಎನ್ನುತ್ತಿದ್ದರು. ಅವರಲ್ಲಿ ದೊಡ್ಡ ಪಾಲು ಭಾರತದ ಕರಾವಳಿಗಳಿಂದ ಹೋದವರು; ಕ್ಷಾಮದ ವರ್ಷಗಳಲ್ಲಿ ಕೋರಮಂಡಲದ ಬಂದರುಗಳಿಂದ ಹಡಗುಗಟ್ಟಲೆ ಜನರನ್ನು ಕೊಂಡೊಯ್ದಿದ್ದರು.

ಆದ್ದರಿಂದ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇದು. ಆಸ್ತಿ ಇದ್ದ ಹೆಣ್ಣಿನ ಜಾಡು ಹಿಡಿಯಿರಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಅವಳ ಉಯಿಲಿನ ಕೊನೆಯ ಪುಟಗಳಿಗೆ ಹೋಗಿ, ಯಾರನ್ನು ಬಿಡುಗಡೆ ಮಾಡಿದಳು, ಯಾರನ್ನು ಮಗನಿಗೆ ಬಿಟ್ಟಳು ನೋಡಿ. ಜ್ಞಾನಸ್ನಾನದ ಪುಸ್ತಕದಲ್ಲಿ ಮಗುವಿನ ಸಾಕ್ಷಿಗಳ ಹೆಸರನ್ನು ಬಿಡದೆ ಬರೆದುಕೊಳ್ಳಿ. ಹೆಂಗಸರ ಸ್ನೇಹ, ನೆಂಟಸ್ತಿಕೆ ಸಿಗುವುದು ಅಲ್ಲಿ. ಡಚ್ ಹೆಂಗಸರು ಮದುವೆಯಾದ ಮೇಲೂ ತಂದೆಯ ಮನೆತನದ ಹೆಸರಿನಲ್ಲೇ ಸಹಿ ಮಾಡುತ್ತಿದ್ದರು. ಎರಡು ಮೂರು ಮದುವೆಯಾದವಳನ್ನೂ ಒಂದೇ ಹೆಸರಿನಲ್ಲಿ ಹಿಂಬಾಲಿಸಲು ಇದರಿಂದ ಅನುಕೂಲ. ಕಾಗುಣಿತ ಮಾತ್ರ ಪ್ರತಿ ಗುಮಾಸ್ತನ ಕೈಯಲ್ಲೂ ಬದಲಾಗುತ್ತದೆ. ಒಂದು ರೂಪ ಹುಡುಕಿ ಸಿಗಲಿಲ್ಲವೆಂದು ಕಡತ ಮುಚ್ಚಬಾರದು.

ಈ ಕಂಪನಿಯ ದಾಖಲೆಗಳು ಕರ್ನಾಟಕಕ್ಕೆ ದೂರದವಲ್ಲ. ಕೆಳದಿ ನಾಯಕರ ಕಾಲದಲ್ಲಿ ಬಸ್ರೂರಿನಲ್ಲಿ ಡಚ್ಚರ ವಖಾರಿಯಿತ್ತು. ನಮ್ಮ ಕರಾವಳಿಯ ಅಕ್ಕಿ, ಮೆಣಸು ಅವರ ಹಡಗುಗಳಲ್ಲಿ ಹೋಗುತ್ತಿತ್ತು. ಹೇಗ್, ಜಕಾರ್ತ, ಚೆನ್ನೈ, ಕೊಲಂಬೊ, ಕೇಪ್‌ಟೌನ್‌ಗಳಲ್ಲಿ ಹರಡಿರುವ ಕಂಪನಿಯ ದಾಖಲೆಗಳು ಸುಮಾರು 2.5 ಕೋಟಿ ಪುಟ. 2003ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಸ್ಮರಣೆಯ ಪಟ್ಟಿಗೆ ಸೇರಿಸಿತು. ಮಲಬಾರ್ ಕರಾವಳಿಯ ಡಚ್ ಕಡತಗಳು ನಮಗೆ ಒಂದು ರಾತ್ರಿಯ ರೈಲು ಪ್ರಯಾಣದ ದೂರದಲ್ಲಿ, ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿವೆ. ಹೇಗ್‌ನ ಕೈಬರಹದ ಪುಟಗಳಲ್ಲಿ ಲಕ್ಷಾಂತರವನ್ನು ಕಂಪ್ಯೂಟರ್ ಓದಿ ಅಕ್ಷರಕ್ಕಿಳಿಸಿದೆ. ಪದ ಹಾಕಿ ಹುಡುಕುವ ಅನುಕೂಲ ಈಗ ಎಲ್ಲರಿಗೂ ಇದೆ. ಹುಡುಕುವಾಗ ನೆನಪಿಡಿ, ಬಸ್ರೂರನ್ನು ಡಚ್ಚರು ಬಾರ್ಸಿಲೋರ್ ಎಂದು ಬರೆಯುತ್ತಿದ್ದರು.

ಹದಿನೇಳನೆಯ ಶತಮಾನದ ಡಚ್ ಕೈಬರಹ ಓದುವುದನ್ನು ಕಲಿಸುವ ಒಂದು ಸಣ್ಣ ತರಗತಿಯನ್ನು ನಮ್ಮ ಇತಿಹಾಸ ವಿಭಾಗಗಳು ತೆರೆಯಬೇಕು. ತಾಯಿಯ ನೆನಪಿನಲ್ಲಿ ಈ ದತ್ತಿಯನ್ನಿಟ್ಟ ಕುಟುಂಬದವರು ಒಪ್ಪುವುದಾದರೆ ಇಂದಿನ ನನ್ನ ಗೌರವಧನ ಅದರ ಮೊದಲ ವಿದ್ಯಾರ್ಥಿನಿಯ ಖರ್ಚಿಗೆ ಹೋಗಲಿ. ಬಸ್ರೂರಿನ ವಖಾರಿಯ ಪತ್ರಗಳಲ್ಲಿ ಹೆಂಗಸರ ಹೆಸರು ಎಲ್ಲೆಲ್ಲಿ ಬರುತ್ತದೆ ಎಂಬುದರಿಂದ ಆಕೆ ಕೆಲಸ ಆರಂಭಿಸಬಹುದು.